ನೀಲಗುಂದದ ಹುಡುಗಿ ಯಾವ ಕಾಲೇಜಿಗೆ ಹೋಗಬೇಕು?

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ವಾರದ ಜುಮಾ. ಹರಪನಹಳ್ಳಿ ತಾಲೂಕಿನ ನೀಲಗುಂದದಲ್ಲಿ ನಮಾಝ್ ಮುಗಿಸಿ ಮಸೀದಿಯಿಂದ ಹೊರಬರುತ್ತಿದ್ದಾಗ ಒಬ್ಬರು ಕೈಹಿಡಿದು ನಿಲ್ಲಿಸಿದರು. ಮೆಕ್ಕೆಜೋಳ ಬೆಳೆಯುವ ಸಣ್ಣ ರೈತ. ದಖನಿಯಲ್ಲಿ ಸಲಾಮ್ ಹೇಳಿ, ಕನ್ನಡಕ್ಕೆ ಹೊರಳಿ ಕೇಳಿದರು: "ಸಾಹೇಬ್ರೆ, ಮಗಳು ಪಾಸಾಗ್ಯಾಳ. ಅಂಕಾನೂ ಚಲೋ ಬಂದಾವ. ಈಗ ಯಾವ ಕಾಲೇಜಿಗೆ ಹಚ್ಚಬೇಕು ಅನ್ನೋದೇ ತಿಳಿವಲ್ದು."

ನಾನು ಉತ್ತರಿಸುವ ಮೊದಲೇ ಅಲ್ಲಿದ್ದ ನಾಲ್ವರು ಉತ್ತರಿಸಿದರು. ಹರಪನಹಳ್ಳಿಯ ಸರ್ಕಾರಿ ಪದವಿಪೂರ್ವ ಕಾಲೇಜೇ ಸಾಕು, ಬಸ್ಸಿಗೆ ಹೋಗಿ ಬರಲಿ ಎಂದರು ಒಬ್ಬರು. ದಾವಣಗೆರೆಯಲ್ಲಿ ಆಕೆಯ ಸೋದರಮಾವನ ಮನೆಯಿದೆ, ಅಲ್ಲಿ ಸೈನ್ಸ್ ಕೊಡಿಸಿ ಎಂದರು ಮತ್ತೊಬ್ಬರು. ದೂರದ ಊರಿನಲ್ಲಿ ಹೆಣ್ಣುಮಕ್ಕಳ ವಸತಿ ಮದ್ರಸವೊಂದಿದೆ, ಆಲಿಮಾ ಕೋರ್ಸ್ ಮಾಡಿಸಿದರೆ ದೀನೂ ಉಳಿಯುತ್ತದೆ, ಮಾನವೂ ಉಳಿಯುತ್ತದೆ ಎಂಬುದು ಮೂರನೆಯವರ ಸಲಹೆ. ನಾಲ್ಕನೆಯವರು ಹಿರಿಯರು. ಹತ್ತನೆಯ ತರಗತಿ ಹೆಣ್ಣುಮಗುವಿಗೆ ಕಡಿಮೆಯೇನಲ್ಲ, ಒಂದು ಹೊಲಿಗೆ ಯಂತ್ರ ತಂದುಕೊಡಿ ಎಂದರು.

ಎಲ್ಲರದ್ದೂ ಪ್ರಾಮಾಣಿಕ ಕಾಳಜಿಯೇ. ಆದರೆ ಆ ಅಂಗಳದಲ್ಲಿ ನಡೆದ ಅರ್ಧ ಗಂಟೆಯ ಚರ್ಚೆಯಲ್ಲಿ ಒಬ್ಬರ ಅಭಿಪ್ರಾಯವನ್ನು ಮಾತ್ರ ಯಾರೂ ವಿಚಾರಿಸಲಿಲ್ಲ. ಆಕೆ ಎರಡು ಓಣಿಯಾಚೆಯ ಮನೆಯಲ್ಲಿದ್ದಳು.

ನೀಲಗುಂದವನ್ನು ಇತಿಹಾಸಕಾರರು ಬಲ್ಲರು. ಕಲ್ಯಾಣ ಚಾಲುಕ್ಯರ ಕಾಲದ ಭೀಮೇಶ್ವರ ದೇವಾಲಯದ ಕೆತ್ತನೆಗಳನ್ನು ನೋಡಲು ದೂರದಿಂದ ಜನ ಬರುತ್ತಾರೆ. ಅದರಾಚೆಗೆ ಅದೊಂದು ಸಾಮಾನ್ಯ ಊರು. ಆದ್ದರಿಂದಲೇ ಅಲ್ಲಿನ ಪ್ರಶ್ನೆ ನಾಡಿನ ಸಾವಿರಾರು ಮುಸ್ಲಿಮ್ ಮನೆಗಳ ಪ್ರಶ್ನೆಯೂ ಹೌದು. ಬೆಂಗಳೂರಿನ ಮಧ್ಯಮ ವರ್ಗದ ಕುಟುಂಬವು 'ಯಾವ ಕಾಲೇಜು' ಎಂದು ಕೇಳುವಾಗ ಅದರ ಎದುರು ಹತ್ತು ಕಾಲೇಜುಗಳ ಅರ್ಜಿಗಳಿರುತ್ತವೆ. ನಮ್ಮ ಗ್ರಾಮೀಣ ಕುಟುಂಬ ಅದೇ ಪ್ರಶ್ನೆ ಕೇಳುವಾಗ ಅದರೊಳಗೆ ಇನ್ನೊಂದು ಪ್ರಶ್ನೆ ಅಡಗಿರುತ್ತದೆ: ಕಳಿಸಬೇಕೇ, ಬೇಡವೇ? ಈ ಎರಡನೆಯ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಲು ನಾಚಿಕೆಪಡುವ ನಾವು ಮೊದಲನೆಯದರ ನೆಪದಲ್ಲಿ ಅದನ್ನು ಇತ್ಯರ್ಥಪಡಿಸುತ್ತೇವೆ. ಈ ಕಾಲೇಜು ದೂರ, ಆ ಕಾಲೇಜಿನಲ್ಲಿ ಹುಡುಗರಿದ್ದಾರೆ, ಮತ್ತೊಂದರಲ್ಲಿ ಶುಲ್ಕ ಹೆಚ್ಚು, ಇನ್ನೊಂದು ಮಠದ್ದು. ಒಂದೊಂದನ್ನೇ ಹೊಡೆದುಹಾಕುತ್ತಾ ಹೋಗಿ ಕೊನೆಗೆ ಹೊಲಿಗೆ ಯಂತ್ರವೊಂದೇ ಉಳಿಯುತ್ತದೆ. ನಾವು ಓದು ಬೇಡವೆಂದು ಹೇಳಲೇ ಇಲ್ಲ. ಸೂಕ್ತ ಕಾಲೇಜು ಸಿಗಲಿಲ್ಲ, ಅಷ್ಟೆ!

2006ರಲ್ಲಿ ಬಂದ ಸಾಚಾರ್ ಸಮಿತಿಯ ವರದಿಯನ್ನು ನಮ್ಮ ವೇದಿಕೆಗಳಲ್ಲಿ ಬಹಳ ಸಲ ಉಲ್ಲೇಖಿಸಲಾಗಿದೆ. ಇಪ್ಪತ್ತು ವರ್ಷ ಮೀರಿದವರಲ್ಲಿ ದೇಶದ ಒಟ್ಟು ಜನಸಂಖ್ಯೆಯ ಶೇ. 7ರಷ್ಟು ಮಂದಿ ಪದವೀಧರರಿದ್ದರೆ ಮುಸ್ಲಿಮರಲ್ಲಿ ಆ ಪ್ರಮಾಣ ಶೇ. 4ನ್ನೂ ಮುಟ್ಟಿರಲಿಲ್ಲ. ಶಾಲಾ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಮದ್ರಸಗಳಿಗೆ ಹೋಗುವವರು ಶೇ. 3ರಷ್ಟು ಮಾತ್ರವೆಂದೂ ಅದೇ ವರದಿ ಹೇಳಿತ್ತು. ಮದ್ರಸಗಳೇ ಈ ಸಮುದಾಯದ ಹಿಂದುಳಿಯುವಿಕೆಗೆ ಕಾರಣವೆಂದು ಟೀವಿಯಲ್ಲಿ ಅಬ್ಬರಿಸುವವರಿಗೆ ಆ ಎರಡನೆಯ ಅಂಕಿ ಉತ್ತರವಾಗಿದೆ. ಮೊದಲನೆಯ ಅಂಕಿಯಾದರೋ ನಮಗೆ ಹಾಕಿದ ಪ್ರಶ್ನೆ. ಅದಕ್ಕೆ ಸರ್ಕಾರದ ಕಡೆ ಬೆರಳು ತೋರಿಸಿದರೆ ಅರ್ಧ ಉತ್ತರವಾಗುತ್ತದೆ. ಉಳಿದರ್ಧ ಮಸೀದಿಯ ಅಂಗಳದಲ್ಲಿದೆ.

ಗಂಡುಮಕ್ಕಳ ಕತೆ ಬೇರೆ. ಅವರನ್ನು ಕಳಿಸಬೇಕೇ ಎಂಬ ಪ್ರಶ್ನೆ ಏಳುವುದಿಲ್ಲ. ಆದರೆ ಏನು ಓದಬೇಕೆಂಬುದನ್ನು ನಿರ್ಧರಿಸುವವನು ಪ್ರತಿಷ್ಠೆಯೆಂಬ ಅಸಾಮಿ. ಚಿಕ್ಕಪ್ಪನ ಮಗ ಸೈನ್ಸ್ ತೆಗೆದುಕೊಂಡಿದ್ದಾನೆ, ಆದ್ದರಿಂದ ಇವನೂ ಸೈನ್ಸ್. ಗಣಿತದಲ್ಲಿ ಹೇಗೋ ದಡ ಸೇರಿದ ಹುಡುಗನನ್ನು ಸಾಲ ಮಾಡಿ ಖಾಸಗಿ ಕಾಲೇಜಿಗೆ ಸೇರಿಸಲಾಗುತ್ತದೆ. ಆತ ಪ್ರಥಮ ಪಿಯುಸಿಯಲ್ಲಿ ಭೌತಶಾಸ್ತ್ರದ ಮುಂದೆ ಕೈಚೆಲ್ಲುತ್ತಾನೆ. ಎರಡನೆಯ ವರ್ಷ ಆತ ಗ್ಯಾರೇಜಿನಲ್ಲಿರುತ್ತಾನೆ ಅಥವಾ ಬೆಂಗಳೂರಿನ ಯಾವುದೋ ಗೋದಾಮಿನಲ್ಲಿರುತ್ತಾನೆ. 'ಅವನಿಗೆ ಓದು ಹತ್ತಲಿಲ್ಲ' ಎಂದು ತಂದೆ ನಿಟ್ಟುಸಿರು ಬಿಡುತ್ತಾರೆ. ಓದು ಹತ್ತಲಿಲ್ಲವೋ, ಅಪ್ಪ ಆರಿಸಿದ ಓದು ಹತ್ತಲಿಲ್ಲವೋ?

ಕಲಾ ವಿಭಾಗವೆಂದರೆ ನಮ್ಮವರಿಗೆ ಅದೆಷ್ಟು ತಾತ್ಸಾರವೆಂಬುದಕ್ಕೆ ನಾನೇ ಸಾಕ್ಷಿ. ಮದ್ರಸದ ವ್ಯಾಸಂಗ ಮುಗಿಸಿ ಬಿ.ಎ.ಗೆ ಸೇರುತ್ತೇನೆಂದಾಗ ಹಿತೈಷಿಗಳೊಬ್ಬರು, ಮೌಲವಿಯಾದವನಿಗೆ ಇತಿಹಾಸ, ರಾಜ್ಯಶಾಸ್ತ್ರ ಏಕೆ, ಕಂಪ್ಯೂಟರ್ ಕಲಿತರೆ ನಾಲ್ಕು ಕಾಸಾದರೂ ಸಿಕ್ಕೀತು ಎಂದಿದ್ದರು. ಮದ್ರಸದಲ್ಲಿ ಫಿಕ್ಹ್ ಕಲಿತವನಿಗೆ ಸಂವಿಧಾನದ ಪಾಠ ಎಷ್ಟು ಆಪ್ತವಾಗಿ ಕಾಣುತ್ತದೆಂಬುದು ಅವರಿಗೆ ತಿಳಿದಿರಲಿಲ್ಲ. ನನಗೂ ತರಗತಿಯಲ್ಲಿ ಕೂರುವ ತನಕ ತಿಳಿದಿರಲಿಲ್ಲವೆನ್ನಿ.

ಈ ತಾತ್ಸಾರಕ್ಕೆ ಉತ್ತರ ದೂರದಲ್ಲೆಲ್ಲೂ ಇಲ್ಲ, ಪಕ್ಕದ ಕೊಟ್ಟೂರಿನಲ್ಲಿದೆ. ಕಳೆದ ಹಲವು ವರ್ಷಗಳಿಂದ ದ್ವಿತೀಯ ಪಿಯುಸಿ ಫಲಿತಾಂಶ ಬಂದ ದಿನ ಕಲಾ ವಿಭಾಗದಲ್ಲಿ ರಾಜ್ಯಕ್ಕೆ ಮೊದಲಿಗರು ಯಾರೆಂದು ನೋಡಿದರೆ ಕೊಟ್ಟೂರಿನ ಇಂದು ಪದವಿಪೂರ್ವ ಕಾಲೇಜಿನ ಹೆಸರು ಮತ್ತೆ ಮತ್ತೆ ಕಾಣಿಸುತ್ತದೆ. 2018ರಲ್ಲಿ ಅಲ್ಲಿನ ವಿದ್ಯಾರ್ಥಿನಿ 600ಕ್ಕೆ 595 ಅಂಕ ಪಡೆದಳು. 2019ರಲ್ಲಿ 594. 2022ರಲ್ಲಿ ಮತ್ತೆ ಅದೇ ಕಾಲೇಜು. 2025ರಲ್ಲಿ 597. ದಾವಣಗೆರೆಯಂತೆ ವಿದ್ಯಾನಗರಿಯೆಂಬ ಬಿರುದಿಲ್ಲದ, ಗುರು ಕೊಟ್ಟೂರೇಶ್ವರರ ರಥೋತ್ಸವದಿಂದಲೇ ನಾಡಿಗೆ ಪರಿಚಿತವಾಗಿದ್ದ, ಮೊನ್ನೆ ಮೊನ್ನೆಯ ತನಕ ಕೂಡ್ಲಿಗಿ ತಾಲೂಕಿನೊಳಗಿದ್ದ ಊರು ಅದು. ಮೊದಲಿಗರಾದ ಈ ಮಕ್ಕಳು ವಕೀಲರ, ವೈದ್ಯರ ಮಕ್ಕಳಲ್ಲ. 2019ರಲ್ಲಿ ರಾಜ್ಯಕ್ಕೆ ಮೊದಲಿಗಳಾದ ಹುಡುಗಿಯ ತಂದೆಯದು ಪಂಕ್ಚರ್ ಹಾಕುವ ಅಂಗಡಿ.

ಇಲ್ಲಿ ಒಂದು ಮಾತು ಹೇಳಲೇಬೇಕು. 'ಪಂಕ್ಚರ್ ಅಂಗಡಿಯವರು' ಎಂಬುದು ಈ ದೇಶದಲ್ಲಿ ಮುಸ್ಲಿಮರನ್ನು ಹೀಯಾಳಿಸಲು ಬಳಸುವ ಮಾತಾಗಿಬಿಟ್ಟಿದೆ. ಚುನಾವಣಾ ಭಾಷಣಗಳಲ್ಲೂ ಅದು ಬಂದುಹೋಗಿದೆ. ನಾವು ಅದಕ್ಕೆ ನೊಂದುಕೊಳ್ಳುತ್ತೇವೆ, ಖಂಡನಾ ಹೇಳಿಕೆ ಕೊಡುತ್ತೇವೆ. ಕೊಟ್ಟೂರಿನಲ್ಲಿ ಪಂಕ್ಚರ್ ಅಂಗಡಿಯವರೊಬ್ಬರು ಮಗಳನ್ನು ಕಲಾ ವಿಭಾಗಕ್ಕೆ ಸೇರಿಸಿದರು, ಆಕೆ ರಾಜ್ಯಕ್ಕೆ ಮೊದಲಿಗಳಾದಳು. ಅವರು ನಮ್ಮ ಸಮುದಾಯದವರಲ್ಲ. ಆದರೆ ನಮ್ಮಲ್ಲಿ ಅಂಥ ಅಂಗಡಿಗಳಿಗೇನೂ ಬರವಿಲ್ಲ. ಅವುಗಳ ಒಳಗಿನ ಮನೆಗಳಲ್ಲಿ ಬುದ್ಧಿವಂತ ಹೆಣ್ಣುಮಕ್ಕಳಿಗೂ ಬರವಿಲ್ಲ.

ಆ ಕಾಲೇಜಿನ ಜಾಹೀರಾತು ಬರೆಯುವುದು ನನ್ನ ಉದ್ದೇಶವಲ್ಲ. ಅಂಕವೇ ಜ್ಞಾನವೆಂದು ನಾನು ನಂಬಿದವನೂ ಅಲ್ಲ. 600ಕ್ಕೆ 597 ಬರುವ ವ್ಯವಸ್ಥೆಯಲ್ಲಿ ಇತಿಹಾಸವೂ ಕಂಠಪಾಠದ ವಿಷಯವಾಗಿಬಿಡುವ ಅಪಾಯವಿದೆ. ಆದರೆ ಇತಿಹಾಸ, ರಾಜ್ಯಶಾಸ್ತ್ರ, ಐಚ್ಛಿಕ ಕನ್ನಡ, ಶಿಕ್ಷಣದಂಥ ವಿಷಯಗಳನ್ನು 'ಬೇರೇನೂ ಸಿಗದವರ ಪಾಲು' ಎಂದು ನೋಡದೆ, ವಿಜ್ಞಾನದಷ್ಟೇ ಗಂಭೀರವಾಗಿ ಕಲಿಸುವ ಒಂದು ಸಂಸ್ಥೆ ಇಂಥ ಬಯಲುಸೀಮೆಯ ಪುಟ್ಟ ಊರಿನಲ್ಲಿ ಏನು ಮಾಡಬಲ್ಲದೆಂಬುದು ರುಜುವಾತಾಗಿದೆ. ಕಾಲೇಜು ಆರಿಸುವಾಗ ಕಟ್ಟಡವನ್ನಲ್ಲ, ತನ್ನ ಮಗುವಿಗೆ ಬೇಕಾದ ವಿಷಯವನ್ನು ಅಲ್ಲಿ ಯಾರು ಕಲಿಸುತ್ತಾರೆ ಎಂಬುದನ್ನು ನೋಡಬೇಕೆಂದು ಕೊಟ್ಟೂರು ತೋರಿಸಿಕೊಟ್ಟಿದೆ. ಉಪನ್ಯಾಸಕರ ಹುದ್ದೆ ಖಾಲಿ ಇದೆಯೋ, ಭರ್ತಿಯಾಗಿದೆಯೋ ಎಂದು ಪ್ರವೇಶಕ್ಕೆ ಮೊದಲು ವಿಚಾರಿಸುವ ಎಷ್ಟು ಪೋಷಕರಿದ್ದಾರೆ? ಎಮ್ಮೆ ಕೊಳ್ಳುವಾಗ ಹಾಲು ಕರೆದು ನೋಡುವ ನಾವು ಕಾಲೇಜನ್ನು ಮಾತ್ರ ಗೇಟು ನೋಡಿ ಆರಿಸುತ್ತೇವೆ.

ಕಲಾ ವಿಭಾಗದ ಬಗ್ಗೆ ಇಷ್ಟು ಹೇಳಲು 2022ರ ಅನುಭವವೂ ಕಾರಣ. ಆ ವರ್ಷದ ಫೆಬ್ರವರಿ 5ರಂದು ರಾಜ್ಯ ಸರ್ಕಾರ ಸಮವಸ್ತ್ರ ಕುರಿತು ಹೊರಡಿಸಿದ ಆದೇಶ, ಮಾರ್ಚ್ 15ರಂದು ಬಂದ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ನೀಡಿದ ಭಿನ್ನ ತೀರ್ಪುಗಳು ಓದುಗರಿಗೆ ನೆನಪಿವೆ. ಆ ತಿಂಗಳುಗಳಲ್ಲಿ ಹಳ್ಳಿ ಹಳ್ಳಿಗಳಿಂದ ಪೋಷಕರು ಕೇಳುತ್ತಿದ್ದುದು ಒಂದೇ: ಈ ಆದೇಶ ನಮ್ಮ ಕಾಲೇಜಿಗೆ ಅನ್ವಯಿಸುತ್ತದೆಯೇ? ಸರ್ಕಾರಿ ಪದವಿಪೂರ್ವ ಕಾಲೇಜುಗಳಲ್ಲಿ ಕಾಲೇಜು ಅಭಿವೃದ್ಧಿ ಸಮಿತಿ ನಿರ್ಧರಿಸಿದ ಸಮವಸ್ತ್ರ, ಖಾಸಗಿ ಸಂಸ್ಥೆಗಳಲ್ಲಿ ಆಡಳಿತ ಮಂಡಳಿ ನಿರ್ಧರಿಸಿದ್ದು ಎಂದು ಆದೇಶದಲ್ಲಿತ್ತು. ಅದನ್ನು ಓದಿ, ಅರ್ಥಮಾಡಿಕೊಂಡು, ಪ್ರಾಂಶುಪಾಲರೆದುರು ಕುಳಿತು ಸಂಯಮದಿಂದ ಮಾತನಾಡಬಲ್ಲ ಒಬ್ಬ ವಕೀಲ, ಒಬ್ಬ ಅಧ್ಯಾಪಕಿ, ಒಬ್ಬ ಪತ್ರಕರ್ತ ಪ್ರತಿ ತಾಲೂಕಿನಲ್ಲೂ ನಮಗೆ ಬೇಕಿತ್ತು. ನಮ್ಮಲ್ಲಿದ್ದ ಎಂಜಿನಿಯರುಗಳು ದುಬೈಯಿಂದ ವಾಟ್ಸ್ಆಪ್ ಸಂದೇಶ ಕಳಿಸುತ್ತಿದ್ದರು.

ಆ ಆದೇಶ ಅನ್ಯಾಯದ್ದೆಂಬ ಬಗ್ಗೆ ಈ ಲೇಖಕನಿಗೆ ಸಂಶಯವಿಲ್ಲ. ತಲೆಯ ಮೇಲಿನ ಒಂದು ಬಟ್ಟೆಗಾಗಿ ಪರೀಕ್ಷೆಯ ಹೊಸ್ತಿಲಲ್ಲಿದ್ದ ಹೆಣ್ಣುಮಕ್ಕಳನ್ನು ಗೇಟಿನ ಹೊರಗೆ ನಿಲ್ಲಿಸಿದ್ದು ಈ ನಾಡಿನ ಶಿಕ್ಷಣ ಚರಿತ್ರೆಯಲ್ಲಿ ಉಳಿಯುವ ಕಲೆ. ಅದರ ಪರಿಣಾಮಗಳನ್ನು ಪಿಯುಸಿಎಲ್‌ನ ರಾಜ್ಯ ಘಟಕ ವರದಿಯಾಗಿ ದಾಖಲಿಸಿದೆ. ಗ್ರಾಮೀಣ ಹೆಣ್ಣುಮಗು ಮನೆಗೆಲಸ ಮುಗಿಸಿ ಶಾಲೆ ತಲುಪಲು ದಾಟಬೇಕಾದ ಅಡೆತಡೆಗಳನ್ನು ನೆನಪಿಸಿದ ನ್ಯಾಯಮೂರ್ತಿ ಸುಧಾಂಶು ಧುಲಿಯಾ, ಆಕೆಯ ಬದುಕನ್ನು ನಾವು ಇದರಿಂದ ಉತ್ತಮಪಡಿಸುತ್ತಿದ್ದೇವೆಯೇ ಎಂಬ ಅರ್ಥದ ಪ್ರಶ್ನೆ ಎತ್ತಿದ್ದರು. ಆ ಪ್ರಶ್ನೆ ಸರ್ಕಾರಕ್ಕೆ ಮತ್ತು ನ್ಯಾಯಾಲಯಕ್ಕೆ ಸೇರಿದ್ದೆಂದು ನಾವು ಸಂತೋಷಪಟ್ಟೆವು. ಅದು ಮಗಳನ್ನು ಮನೆಯಲ್ಲಿ ಕೂರಿಸಿದ ತಂದೆಗೂ ಸೇರಿತ್ತು. ಬೇರೆ ಕಾಲೇಜಿಗೆ ಹೋಗಲು ಹಣವಿಲ್ಲದೆ ಅನಿವಾರ್ಯವಾಗಿ ಕೂರಿಸಿದವರ ಮಾತು ಬೇರೆ. ಅವರ ನೋವಿನ ಮೇಲೆ ಉಪ್ಪು ಸವರುವ ಹಕ್ಕು ಯಾರಿಗೂ ಇಲ್ಲ. ಆದರೆ ಹೇಗೂ ಕೂರಿಸಬೇಕೆಂದಿದ್ದವರಿಗೆ ಆ ಆದೇಶ ಒಂದು ಧಾರ್ಮಿಕ ಸಬೂಬನ್ನು ಒದಗಿಸಿತೆಂಬುದನ್ನು ನಾವು ಪರಸ್ಪರ ಒಪ್ಪಿಕೊಳ್ಳಬೇಕು. ಇಂದಿಗೂ 'ಆ ಕಾಲೇಜಿನಲ್ಲಿ ಬಿಡುವುದಿಲ್ಲವಂತೆ' ಎಂಬ 'ಅಂತೆ'ಯ ಆಧಾರದಲ್ಲಿ ತೀರ್ಮಾನಗಳಾಗುತ್ತಿವೆ. ಪ್ರಾಂಶುಪಾಲರ ಕೋಣೆಗೆ ಹೋಗಿ ಕೇಳಿದವರು ಕಡಿಮೆ.

ಇನ್ನು 'ನಮ್ಮವರ ಕಾಲೇಜು' ಎಂಬ ಮಾತು. ಭಟ್ಕಳದವರಿಗೆ 1919ರಲ್ಲಿ ಹುಟ್ಟಿದ ಅಂಜುಮನ್ ಇದೆ. ಬೆಂಗಳೂರಿಗೆ 1966ರಲ್ಲಿ ಡಾ. ಮುಮ್ತಾಝ್ ಅಹ್ಮದ್ ಖಾನ್ ಕಟ್ಟಿದ ಅಲ್ ಅಮೀನ್ ಇದೆ. ಬೀದರಿನಲ್ಲಿ 1989ರಲ್ಲಿ ಆರಂಭಗೊಂಡ ಶಾಹೀನ್ ಇಂದು ಮದ್ರಸದ ಹಾಫಿಝರನ್ನೂ ಮುಖ್ಯವಾಹಿನಿಯ ಪರೀಕ್ಷೆಗಳಿಗೆ ಅಣಿಗೊಳಿಸುತ್ತಿದೆ. ಇವೆಲ್ಲ ಹೆಮ್ಮೆಯ ಸಂಗತಿಗಳೇ. ಆದರೆ ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಯ ಕಡೆ ಪದವಿಯ ಬೆಳಕು ಹರಡಿದ್ದು ಬಹುಮಟ್ಟಿಗೆ ಸರ್ಕಾರಿ ಕಾಲೇಜುಗಳಿಂದ, ಮಠಗಳಿಂದ ಮತ್ತು ವೀರಶೈವ ಸಂಸ್ಥೆಗಳಿಂದ. ಹರಪನಹಳ್ಳಿಯಲ್ಲಿ ತೆಗ್ಗಿನಮಠದ ಸಂಸ್ಥೆಗಳಿವೆ. ಕೊಟ್ಟೂರಿನ ಕೊಟ್ಟೂರೇಶ್ವರ ಮಹಾವಿದ್ಯಾಲಯವು 1916ರಲ್ಲಿ ಹುಟ್ಟಿದ ಬಳ್ಳಾರಿಯ ವೀರಶೈವ ವಿದ್ಯಾವರ್ಧಕ ಸಂಘದ್ದು. ಅವುಗಳ ಬಾಗಿಲಲ್ಲಿ ನಮ್ಮ ಹಿರಿಯರಿಗೂ ಜಾಗವಿತ್ತು. ಈ ಭಾಗದ ಮುಸ್ಲಿಮ್ ಶಿಕ್ಷಕರು, ಗುಮಾಸ್ತರು, ಪೊಲೀಸರು ಎಲ್ಲಿ ಓದಿದರೆಂದು ವಿಚಾರಿಸಿ ನೋಡಿ.

'ಮಠದ್ದು' ಎಂಬ ಕಾರಣಕ್ಕೆ ಒಂದು ಕಾಲೇಜನ್ನು ಪಟ್ಟಿಯಿಂದ ತೆಗೆಯುವವರಿಗೆ ಬದ್ರ್ ಯುದ್ಧದ ಕೈದಿಗಳನ್ನು ನೆನಪಿಸಬೇಕಾಗಿದೆ. ಬಿಡುಗಡೆಯ ಹಣ ಕೊಡಲಾಗದ, ಆದರೆ ಅಕ್ಷರ ಬಲ್ಲ ಕೈದಿಗಳಿಗೆ ಪ್ರವಾದಿ ಮುಹಮ್ಮದ್(ಸ)ರು ವಿಧಿಸಿದ ಶರತ್ತು ಏನು? ಮದೀನಾದ ಹತ್ತು ಮಕ್ಕಳಿಗೆ ಓದು ಬರಹ ಕಲಿಸಬೇಕು, ಅಷ್ಟೆ. ಆ ಗುರುಗಳು ಮುಸ್ಲಿಮರಾಗಿರಲಿಲ್ಲ. ಕೆಲವೇ ದಿನಗಳ ಹಿಂದೆ ಖಡ್ಗ ಹಿಡಿದು ಎದುರು ನಿಂತವರು. ಅಂಥವರಿಂದ ಮಕ್ಕಳಿಗೆ ಅಕ್ಷರ ಕಲಿಸಲು ಹಿಂಜರಿಯದ ಪ್ರವಾದಿಯ ಅನುಯಾಯಿಗಳು, ನೂರಾರು ವರ್ಷಗಳಿಂದ ಒಂದೇ ಬಾವಿಯ ನೀರು ಕುಡಿದ ನೆರೆಯವರ ಕಾಲೇಜಿಗೆ ಮಗಳನ್ನು ಕಳಿಸಲು ಅಳುಕುವುದು ಯಾವ ದೀನ್?

ಮಠಗಳಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ. ಅವು ಕಾಲೇಜಿಗಿಂತ ಮೊದಲು ವಸತಿಯನ್ನು, ಅನ್ನವನ್ನು ಕಟ್ಟಿದವು. ತುಮಕೂರಿನ ಸಿದ್ಧಗಂಗೆಯಲ್ಲಿ ಜಾತಿ ಧರ್ಮ ಕೇಳದೆ ಸಾವಿರಾರು ಮಕ್ಕಳಿಗೆ ಊಟ, ಆಶ್ರಯ ಸಿಕ್ಕಿದ್ದರಿಂದಲೇ ಒಂದು ತಲೆಮಾರಿನ ಗ್ರಾಮೀಣ ಹುಡುಗರು ಪದವಿಯ ಮುಖ ನೋಡಿದರು. ತಾಲೂಕಿಗೊಂದು 'ನಮ್ಮ ಕಾಲೇಜು' ಕಟ್ಟುವ ಕನಸಿಗೆ ಕೋಟಿಗಟ್ಟಲೆ ಹಣ ಬೇಕು. ಆದರೆ ಹರಪನಹಳ್ಳಿಯಲ್ಲೋ ಕೊಟ್ಟೂರಿನಲ್ಲೋ ಒಂದು ಬಾಡಿಗೆ ಮನೆ ಹಿಡಿದು, ಹತ್ತು ಹುಡುಗಿಯರಿಗೆ ಊಟ, ಒಬ್ಬ ಹಿರಿಯ ಹೆಣ್ಣುಮಗಳ ಮೇಲ್ವಿಚಾರಣೆ, ಓದಲು ದೀಪ ಒದಗಿಸಲು ನಾಲ್ಕು ಹಳ್ಳಿಗಳ ಜಮಾಅತ್‌ಗಳ ಝಕಾತ್ ಸಾಕು. ಮಸೀದಿಗೆ ಮಿನಾರ ಎತ್ತರಿಸಲು ಚಂದಾ ಎತ್ತುವಾಗ ನಮ್ಮಲ್ಲಿ ಕಾಣುವ ಉತ್ಸಾಹದ ಕಾಲುಭಾಗವಾದರೂ ಇದಕ್ಕೆ ಸಿಗಲಿ.

ಈಗ ನೀಲಗುಂದಕ್ಕೇ ವಿಶಿಷ್ಟವಾದ, ಆದರೆ ಆ ಅಂಗಳದಲ್ಲಿ ಯಾರೂ ಎತ್ತದ ಸಂಗತಿಗೆ ಬರೋಣ. ಹರಪನಹಳ್ಳಿ ತಾಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ಹೊಸದಾಗಿ ರಚನೆಯಾದ ದಾವಣಗೆರೆ ಜಿಲ್ಲೆಗೆ ಸೇರಿತು. 2012ರಲ್ಲಿ ಸಂಸತ್ತು ಸಂವಿಧಾನಕ್ಕೆ 98ನೇ ತಿದ್ದುಪಡಿ ತಂದು 371(ಜೆ) ವಿಧಿಯನ್ನು ಸೇರಿಸಿದಾಗ ಹೈದರಾಬಾದ್ ಕರ್ನಾಟಕದ ಆರು ಜಿಲ್ಲೆಗಳಿಗೆ ವಿಶೇಷ ಸೌಲಭ್ಯ ದೊರೆಯಿತು. ಬಳ್ಳಾರಿ ಒಳಗಿತ್ತು, ಹರಪನಹಳ್ಳಿ ಹೊರಗುಳಿಯಿತು. ಪಕ್ಕದ ಕೊಟ್ಟೂರಿನ, ಹಡಗಲಿಯ ಹುಡುಗನಿಗೆ ಸಿಗುವ ಸೀಟು ಹರಪನಹಳ್ಳಿಯ ಹುಡುಗನಿಗೆ ಸಿಗುತ್ತಿರಲಿಲ್ಲ. ದೀರ್ಘ ಹೋರಾಟದ ಬಳಿಕ 2018ರಲ್ಲಿ ತಾಲೂಕನ್ನು ಬಳ್ಳಾರಿಗೆ ಮರಳಿಸುವ ತೀರ್ಮಾನವಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಅದರೊಳಗೆ ಬಂತು. ಒಂದೇ ಮನೆಯ ಅಣ್ಣ ದಾವಣಗೆರೆ ಜಿಲ್ಲೆಯವನಾಗಿ ಪಿಯುಸಿ ಮುಗಿಸಿದ್ದರೆ ತಂಗಿ ವಿಜಯನಗರದವಳಾಗಿ ಮುಗಿಸುತ್ತಾಳೆ!

ಇದು ಬರೀ ವಿಳಾಸದ ಬದಲಾವಣೆಯಲ್ಲ. 371(ಜೆ) ಅನ್ವಯ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು ಸೀಟುಗಳು ಆ ಪ್ರದೇಶದವರಿಗೆ ಮೀಸಲು. ರಾಜ್ಯದ ಉಳಿದ ಭಾಗದ ಸಂಸ್ಥೆಗಳಲ್ಲಿ ಮೀಸಲಿರುವುದು ಶೇ. 8. ನೀಲಗುಂದದವರ ಆಸ್ಪತ್ರೆ, ಮಾರುಕಟ್ಟೆ, ನೆಂಟಸ್ತನ ಎಲ್ಲವೂ ದಾವಣಗೆರೆಯ ಕಡೆಗೇ ಹರಿಯುವುದರಿಂದ ಕಾಲೇಜೆಂದರೂ ಅವರ ಮನಸ್ಸು ಅತ್ತಲೇ ಓಡುತ್ತದೆ. ಪಿಯುಸಿ ಎಲ್ಲಿ ಓದಿದರೂ ಆದೀತು. ಆದರೆ ಸಿಇಟಿ ಬರೆದು ವೃತ್ತಿಶಿಕ್ಷಣದ ಕಾಲೇಜನ್ನು ಆರಿಸುವ ದಿನ, ದಾವಣಗೆರೆಯ ಕಾಲೇಜಿನಲ್ಲಿ ತನಗಿರುವ ಮೀಸಲು ಪಾಲೆಷ್ಟು, ಬಳ್ಳಾರಿ ಅಥವಾ ಹೊಸಪೇಟೆಯ ಕಾಲೇಜಿನಲ್ಲೆಷ್ಟು ಎಂಬ ಲೆಕ್ಕ ಗೊತ್ತಿಲ್ಲದಿದ್ದರೆ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ. ಹೂವಿನಹಡಗಲಿಯಲ್ಲಿ 2007ರಿಂದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಗಣಿತ ಒಲಿದ ಹುಡುಗನಿಗೆ ಅದು ಹತ್ತಿರವೂ ಹೌದು, ಅಗ್ಗವೂ ಹೌದು. ಮಸೀದಿಯ ಅಂಗಳದಲ್ಲಿ ಅದರ ಹೆಸರು ಬರಲಿಲ್ಲ.

ಈ ಸೌಲಭ್ಯಕ್ಕೆ ಬೇಕಾದ ಅರ್ಹತಾ ಪ್ರಮಾಣಪತ್ರ ಕೊಡುವವರು ಉಪವಿಭಾಗಾಧಿಕಾರಿಗಳು. ಅವರ ಕಚೇರಿ ಹರಪನಹಳ್ಳಿಯಲ್ಲೇ ಇದೆ. ಜಾತಿ ಪ್ರಮಾಣಪತ್ರದ ವಿಷಯದಲ್ಲೂ ನಮ್ಮ ಅಜ್ಞಾನ ಅಷ್ಟಿಷ್ಟಲ್ಲ. ಮುಸ್ಲಿಮರಿಗೆ 2ಬಿ ಪ್ರವರ್ಗದಲ್ಲಿ ಶೇ. 4ರ ಮೀಸಲಾತಿಯಿದೆ. 2023ರ ಮಾರ್ಚ್‌ನಲ್ಲಿ ಅಂದಿನ ಸರ್ಕಾರ ಚುನಾವಣೆಯ ಹೊಸ್ತಿಲಲ್ಲಿ ಅದನ್ನು ರದ್ದುಪಡಿಸುವ ತೀರ್ಮಾನ ಕೈಗೊಂಡಿತು. ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನೆಗೊಳಗಾದ ಆ ತೀರ್ಮಾನ ಜಾರಿಗೆ ಬರಲಿಲ್ಲ. 'ಮೀಸಲಾತಿ ಹೋಯಿತಂತೆ' ಎಂದು ನಂಬಿ ಕುಳಿತವರು ಮಾತ್ರ ಇನ್ನೂ ಇದ್ದಾರೆ. ಈ ಭಾಗದಲ್ಲಿ ಬಹುಸಂಖ್ಯೆಯಲ್ಲಿರುವ ಪಿಂಜಾರ, ನದಾಫ್ ಸಮುದಾಯದವರು ಪ್ರವರ್ಗ 1ರಲ್ಲಿ ಬರುತ್ತಾರೆಂಬುದು ಆ ಮನೆಗಳ ಅನೇಕರಿಗೇ ಗೊತ್ತಿಲ್ಲ. ಶಾಲಾ ದಾಖಲೆಯಲ್ಲಿ ಬರೀ 'ಮುಸ್ಲಿಮ್' ಎಂದು ಬರೆಸಿ, ಹನ್ನೆರಡು ವರ್ಷಗಳ ಬಳಿಕ ತಿದ್ದುಪಡಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ. ಜುಮಾ ಖುತ್ಬಾದ ಬಳಿಕ ಐದು ನಿಮಿಷ ಈ ವಿಷಯ ತಿಳಿಸಿದರೆ ಯಾವ ಸುನ್ನತ್ತಿಗೆ ಭಂಗ ಬರುತ್ತದೆ?

ಸರ್ಕಾರಗಳ ಪಾಲೂ ಇದೆ, ಅದನ್ನು ಮರೆಯಲಾಗದು. ಒಂದರಿಂದ ಎಂಟನೆಯ ತರಗತಿಯ ಅಲ್ಪಸಂಖ್ಯಾತ ಮಕ್ಕಳಿಗೆ ಸಿಗುತ್ತಿದ್ದ ಕೇಂದ್ರದ ವಿದ್ಯಾರ್ಥಿವೇತನವನ್ನು 2022ರಲ್ಲಿ ನಿಲ್ಲಿಸಲಾಯಿತು. ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಝಾದ್ ಫೆಲೋಶಿಪ್ಪನ್ನು ಕೈಬಿಡುವ ಘೋಷಣೆಯೂ ಅದೇ ವರ್ಷದ ಡಿಸೆಂಬರಿನಲ್ಲಿ ಬಂತು. ಏಣಿಯ ಕೆಳಗಿನ ಮೆಟ್ಟಿಲೂ ಇಲ್ಲ, ಮೇಲಿನದೂ ಇಲ್ಲ. ಇನ್ನೊಂದೆಡೆ, 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದಾಗಿ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣವಿಲ್ಲ. ಅದನ್ನು ಬಿಟ್ಟಿ ಭಾಗ್ಯವೆಂದು ಗೇಲಿ ಮಾಡುವವರು ಹಳ್ಳಿಯ ಹುಡುಗಿಯೊಬ್ಬಳ ತಿಂಗಳ ಬಸ್ ಖರ್ಚನ್ನು ಎಂದೂ ಲೆಕ್ಕ ಹಾಕಿದವರಲ್ಲ. ಕೊಟ್ಟೂರಿಗೆ ದಿನವೂ ಹೋಗಿಬರುವುದು ದುಬಾರಿಯೆಂಬ ನೆಪ ಈಗ ಉಳಿದಿಲ್ಲ. ಉಳಿದಿರುವುದು ಸಂಜೆಯ ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತದೆಯೇ ಎಂಬ ಪ್ರಶ್ನೆ. ಅದನ್ನು ಕೇಳಬೇಕಾದ್ದು ಡಿಪೋ ವ್ಯವಸ್ಥಾಪಕರಲ್ಲಿ, ಹತ್ತು ಮಂದಿ ಸಹಿ ಹಾಕಿದ ಮನವಿಯೊಂದಿಗೆ.

ಮೂರನೆಯವರ ಮದ್ರಸದ ಸಲಹೆಯನ್ನು ನಾನು ತಳ್ಳಿಹಾಕಿದೆನೆಂದು ಓದುಗರು ಭಾವಿಸಬಾರದು. ನಾನು ಉಂಡ ಅನ್ನ ಅದು. ಆಲಿಮಾ ಆಗಬೇಕೆಂದು ಬಯಸುವ ಹುಡುಗಿ ಧಾರಾಳವಾಗಿ ಆಗಲಿ. ಜೊತೆಯಲ್ಲೇ ಪಿಯುಸಿ ಪರೀಕ್ಷೆಗೂ ಕೂರಲಿ. ಆದರೆ ಕಾಲೇಜಿನಿಂದ ಬಚ್ಚಿಡುವ ಜಾಗವಾಗಿ ಮದ್ರಸವನ್ನು ಬಳಸುವುದು ಮದ್ರಸಕ್ಕೇ ಮಾಡುವ ಅವಮಾನ.

ನಿರ್ಧಾರಕ್ಕೆ ಮುನ್ನ ಇಸ್ತಿಖಾರ ನಮಾಝ್ ಮಾಡುವ ಪರಿಪಾಠ ನಮ್ಮಲ್ಲಿದೆ, ಇರಬೇಕು. ಆದರೆ ಇಸ್ತಿಖಾರ ಚೀಟಿ ಎತ್ತುವ ಆಟವಲ್ಲ. ವಿಚಾರಿಸಿ, ತಿಳಿದು, ತೂಗಿ ನೋಡಿ, ಅನಂತರ ಅಲ್ಲಾಹನಲ್ಲಿ ಒಳಿತನ್ನು ಬೇಡುವುದು ಅದರ ಕ್ರಮ. ಪರಸ್ಪರ ಸಮಾಲೋಚಿಸಬೇಕೆಂಬುದು ಕುರ್‌ಆನಿನ ಆದೇಶ. ಹುದೈಬಿಯಾದ ಬಿಕ್ಕಟ್ಟಿನಲ್ಲಿ ಪ್ರವಾದಿ(ಸ)ರು ಪತ್ನಿ ಉಮ್ಮು ಸಲಮಾರ ಸಲಹೆ ಪಡೆದು ಅದರಂತೆ ನಡೆದರು. ಮಗಳ ಬದುಕಿನ ವಿಷಯದಲ್ಲಿ ಮಸೀದಿಯ ಅಂಗಳದಲ್ಲಿ ನಾಲ್ವರೊಂದಿಗೆ ನಡೆದ ಸಮಾಲೋಚನೆಯಲ್ಲಿ ಆ ಮಗಳೇ ಇಲ್ಲವೆಂದರೆ ಅದು ಯಾರ ಮಾದರಿ?

ಹಾಗೆಂದು ನಾನು ಆ ರೈತರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಮನಿಗೇ ಬರ್ರಿ, ಚಾ ಕುಡಕಂತ ಮಾತಾಡಾಣ" ಎಂದರು. ಹೋದೆ. ಪಡಸಾಲೆಯಲ್ಲಿ ಕುಳಿತು ನಾವು ಮತ್ತೆ ಅದನ್ನೇ ಮಾತಾಡಿದೆವು. ಹರಪನಹಳ್ಳಿ, ಕೊಟ್ಟೂರು, ದಾವಣಗೆರೆ. ಚಹಾ ತಂದಿಟ್ಟ ಹುಡುಗಿ ಒಳಗೆ ಹೋಗದೆ ಬಾಗಿಲ ಬಳಿಯೇ ನಿಂತಳು. ನಾನು ಕೇಳಿದ್ದು ಆಕೆಗೆ ಯಾವ ಕಾಲೇಜು ಇಷ್ಟವೆಂದಲ್ಲ, ಏನು ಓದಲು ಇಷ್ಟವೆಂದು. ಆಕೆ ತಂದೆಯ ಮುಖ ನೋಡಿದಳು.

"ಆರ್ಟ್ಸ್ ತಗೊಂಡ್ರೆ ಆಮೇಲೆ ಲಾ ಓದಾಕ ಆಗ್ತತೇನ್ರಿ?"

ಆಗುತ್ತದೆ ಎಂದೆ. ಪಿಯುಸಿಯ ನಂತರ ನೇರವಾಗಿ ಐದು ವರ್ಷದ ಕಾನೂನು ಪದವಿಗೆ ಸೇರಬಹುದು, ಅದಕ್ಕೆ ಯಾವ ವಿಭಾಗವಾದರೂ ನಡೆಯುತ್ತದೆ ಎಂದು ವಿವರಿಸಿದೆ. ತಂದೆ ಚಹಾದ ಬಟ್ಟಲನ್ನು ಕೆಳಗಿಟ್ಟರು. "ಇದನ್ನ ನೀ ಯಾವತ್ತೂ ನನಗ ಹೇಳಿಲ್ಲಲ್ಲಬೇ" ಎಂದರು ಮಗಳಿಗೆ.

"ನೀವು ಕೇಳಿಲ್ಲಲ್ಲ ಅಬ್ಬಾ" ಎಂದಳು ಆಕೆ.

ಮರುದಿನ ಬೆಳಿಗ್ಗೆ ಅಪ್ಪ ಮಗಳಿಬ್ಬರೂ ಕೊಟ್ಟೂರಿಗೆ ಹೋಗಿ ಕಾಲೇಜು ನೋಡಿ ಬರುವುದೆಂದೂ, ವಾಪಸು ಬರುವಾಗ ಹರಪನಹಳ್ಳಿಯಲ್ಲಿ ಇಳಿದು ಸರ್ಕಾರಿ ಕಾಲೇಜಿನಲ್ಲೂ ವಿಚಾರಿಸುವುದೆಂದೂ ಮಾತಾಯಿತು. ಅಂಕಪಟ್ಟಿಯ ನಕಲು ಪ್ರತಿಗಳನ್ನು ಎಷ್ಟು ಮಾಡಿಸಬೇಕೆಂದು ಅವರು ಕೇಳಿದರು. ನಾಲ್ಕು ಸಾಕು ಎಂದು ಹೇಳಿ ನಾನು ಬಸ್ಸಿಗೆ ಹೊರಟೆ.